ಕುರ್ಡಿಯ ಹನುಮವ್ವ ವೇದಿಕೆ ಹತ್ತಿದ ದಿನ

ಆ ಬೆಳಿಗ್ಗೆ ಮಾನ್ವಿಯ ಸಭಾಂಗಣದಲ್ಲಿ ಶಾಸಕರಿದ್ದರು, ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿದ್ದರು. ಮುಂದಿನ ಸಾಲಿನಲ್ಲಿ ಕುರ್ಡಿಯ ಹನುಮವ್ವ, ಆಕೆಯ ಮಗಳು ರೇಣುಕಾ. ಕೊನೆಯ ಸಾಲಿನಲ್ಲಿ ದೇವದುರ್ಗದಿಂದ ಬಂದ ಮೂವರು ಗಂಡಸರು. ರೇಣುಕಾಳನ್ನು ನೋಡಿ ಒಪ್ಪಿದ್ದ ವರನ ಕಡೆಯವರು. ನಾನು ರಾಯಚೂರಿನಲ್ಲಿ ನರರೋಗ ವೈದ್ಯ, ನಿವೃತ್ತಿಗೆ ಆಗ ಎರಡು ವರ್ಷ ಬಾಕಿ. ಸಭೆ ಕರೆದವನು ನಾನೇ.

ಹನುಮವ್ವನಿಗೆ ಇದ್ದದ್ದು ಹಂಟಿಂಗ್ಟನ್ ಕಾಯಿಲೆ. ಮೆದುಳಿನ ಕೆಲವು ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಕೈಕಾಲು ತಮ್ಮಷ್ಟಕ್ಕೆ ತಾವೇ ಆಡುತ್ತವೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ವಾಸಿಮಾಡುವ ಔಷಧ ಇನ್ನೂ ಇಲ್ಲ. ಎಷ್ಟು ಅಪರೂಪವೆಂದರೆ, ಆಕೆಗೆ ಸರ್ಕಾರದ ನೆರವು ಕೇಳಿ ನಾನು ಅರ್ಜಿ ಹಿಡಿದು ಹೋದ ಕಚೇರಿಗಳಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಊರಿನವರಿಗೆ ಮಾತ್ರ ಸಂಶಯವೇ ಇರಲಿಲ್ಲ: ಆಕೆ ಕುಡಿಯುತ್ತಾಳೆ. ಆ ಸುದ್ದಿ ದೇವದುರ್ಗ ಮುಟ್ಟಿ ಸಂಬಂಧ ಅಲುಗಾಡತೊಡಗಿದಾಗ ಹನುಮವ್ವ ನನ್ನಲ್ಲಿಗೆ ಬಂದಳು.

"ನಾಕು ಮಂದಿ ಮುಂದ ನೀವೇ ಹೇಳ್ರಿ ಸಾಹೇಬ್ರ, ಇದು ಜಡ್ಡು ಅಂತ. ಬೀಗರನ್ನೂ ಕರಸ್ತೀನಿ."

ರೋಗದ ಹೆಸರು ಶಾಸಕರ ಕಿವಿಗೆ ಬೀಳಬೇಕೆಂಬ ಆಸೆ ನನಗೂ ಇತ್ತು. ಒಪ್ಪಿದೆ.

ವೇದಿಕೆಯ ಮೆಟ್ಟಿಲಲ್ಲಿ ಆಕೆ ತೂರಾಡಿದ್ದನ್ನು ಕಂಡು ಶಾಸಕರು ನಕ್ಕರು. "ಏನ್ ಯವ್ವಾ, ಮುಂಜಾನೇನ ಏರಿಸಿ ಬಂದೀಯಲ್ಲ!" ಸಭೆಯೂ ನಕ್ಕಿತು.

"ಕುಡದಿದ್ರ ಇಷ್ಟೊತ್ತಿಗೆ ಇಳೀತಿತ್ರೀ ಯಪ್ಪಾ. ಇದು ಆರು ವರ್ಷಾತು, ಇಳೀವಲ್ದು."

ನಗು ನಿಂತಿತು. ಶಾಸಕರು ಎದ್ದು ಆಕೆಯನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನಾನು ರೋಗದ ಬಗ್ಗೆ ವಿವರಿಸಿದೆ. ಹಿಂದಿನ ಸಾಲಿನ ಮೂವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಸಂಬಂಧ ಉಳಿಯಿತು ಎಂದುಕೊಂಡೆ.

ಆಗ ಶಾಸಕರು ಕೇಳಿದರು: "ಮಂದಿಗೆ ಹತ್ತತದೇನ್ರೀ ಡಾಕ್ಟರೇ, ಇದು?"

ಇಲ್ಲ ಎಂದು ಸುಮ್ಮನಾಗಬಹುದಿತ್ತು. ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಬಾಯಿ, ನಿಲ್ಲಲಿಲ್ಲ. "ಹತ್ತೂದಿಲ್ಲ ಸರ್, ವಂಶದಾಗ ಬರ್ತದ. ತಾಯಿಗಿದ್ರ ಮಕ್ಕಳಿಗೆ ಬರೂ ಸಾಧ್ಯತೆ ಅರ್ಧಕ್ಕರ್ಧ."

ಸಭೆಯ ತಲೆಗಳೆಲ್ಲ ರೇಣುಕಾಳತ್ತ ತಿರುಗಿದವು. ಆಕೆಯೂ ಆ ಮಾತನ್ನು ಕೇಳಿದ್ದು ಅದೇ ಮೊದಲು. ಮದುವೆಯೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದು ನಾನೇ ಮುಂದೂಡುತ್ತಾ ಬಂದಿದ್ದೆ. ದೇವದುರ್ಗದವರು ಚಹಾ ಕುಡಿಯದೆ ಎದ್ದು ಹೋದರು.

ಶಾಸಕರು ವಿಧಾನಸಭೆಯಲ್ಲಿ ಆ ರೋಗದ ಬಗ್ಗೆ ಪ್ರಶ್ನೆ ಕೇಳಿದರು. ಪತ್ರಿಕೆಗಳಲ್ಲಿ ಬಂತು. ಸಹೋದ್ಯೋಗಿಗಳು ನನಗೆ ಶಾಲು ಹೊದಿಸಿದರು. ದೇವದುರ್ಗದಿಂದ ಮಾತ್ರ ಫೋನ್ ಬರಲಿಲ್ಲ.

"ಕುಡೀತಾಳ ಅನ್ನೂ ಮಾತೇ ಚಲೋ ಇತ್ತೇನೋ ಸಾಹೇಬ್ರ," ಎಂದಳು ಹನುಮವ್ವ, ಮುಂದಿನ ಸಲ ಆಸ್ಪತ್ರೆಗೆ ಬಂದಾಗ. ನಾನು ತಲೆ ಎತ್ತದೆ ಔಷಧದ ಚೀಟಿ ಬರೆದೆ. ರೋಗದ ಸತ್ಯವನ್ನು ಊರಿಗೆ ಹೇಳುವ ಮೊದಲು ಅದು ಯಾರ ಬದುಕನ್ನು ಮುಟ್ಟುತ್ತದೋ ಅವರಿಗೆ ಬಾಗಿಲು ಹಾಕಿಕೊಂಡು ಹೇಳಬೇಕು. ಇಷ್ಟನ್ನು ಕಲಿಯುವ ಹೊತ್ತಿಗೆ ನನ್ನ ನೌಕರಿಯೇ ಮುಗಿಯುತ್ತಾ ಬಂದಿತ್ತು.

ನಿವೃತ್ತನಾದ ಮೇಲೆ ಒಮ್ಮೆ ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಬಸ್ಸು ತುಂಬಿತ್ತು. ತಾಯಿ ಮಗಳು ಹತ್ತಿದರು. "ಜಡ್ಡಿನವ್ರು ಅದಾರ, ಜಾಗ ಬಿಡ್ರಿ," ಎಂದ ಕಂಡಕ್ಟರ್. ಮುಂದಿನ ಸೀಟಿನಲ್ಲಿದ್ದವರೆಲ್ಲ ಎದ್ದರು. ಹನುಮವ್ವ ಕುಳಿತ ಮೇಲೂ ಪಕ್ಕದಲ್ಲಿ ಯಾರೂ ಕೂರಲಿಲ್ಲ. ನನ್ನನ್ನು ಕಂಡು ಕರೆದಳು: "ಬರ್ರಿ ಸಾಹೇಬ್ರ, ಕುಂದರ್ರಿ. ಜಾಗ ಭಾಳ ಅದ."

ಹೋಗಿ ಕುಳಿತೆ. ರೇಣುಕಾ ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತಿದ್ದಳು. ರಾಯಚೂರು ಬರುವವರೆಗೂ ನಮ್ಮ ಕಡೆ ತಿರುಗಲಿಲ್ಲ.