ಮೊದಲ ಲಾಳಿ ಮಾಲಕರದು

ನಾರಾಯಣಪೇಟೆಯ ಒಂದು ಸೀರೆ ಕಾರ್ಖಾನೆಯಲ್ಲಿ ಕಾಗದಪತ್ರ ನೋಡಿಕೊಳ್ಳುವವನು ನಾನು. ಕಾರ್ಖಾನೆ ಎಂದರೆ ಭಾರೀ ಏನಲ್ಲ, ತಗಡಿನ ಸೂರಿನಡಿ ಆರು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮಾಲಕಿ ಅರವತ್ತು ದಾಟಿದವರು, ಎಲ್ಲರಿಗೂ ಅಮ್ಮ. ಈಚೆಗೆ ನಮ್ಮ ಸೀರೆ ಕೊಳ್ಳುವ ಅಂಗಡಿಯವರು ಕೆಲಸಗಾರರ ಜೊತೆ ಲಿಖಿತ ಕರಾರು ಬೇಕೇ ಬೇಕು ಎಂದರು. ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ನಾನೋ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು, ಅದರ ಮೇಲೆ ಆತುರ ಬೇರೆ. ಮಕ್ತಲ್‌ನ ಟೈಪಿಂಗ್ ಅಂಗಡಿಯಲ್ಲಿ ಸಿಕ್ಕ ಯಾವುದೋ ಆಫೀಸಿನ ನಮೂನೆಯನ್ನು ಹಾಗೇ ಇಳಿಸಿದೆ. ಕೆಲಸಗಾರರ ಕರ್ತವ್ಯ ಎರಡು ಪುಟ: ಹೊತ್ತಿಗೆ ಸರಿಯಾಗಿ ಬರಬೇಕು, ತೋರಿಸಿದ ಜಾಗದಲ್ಲಿ ಕೂರಬೇಕು, ಒಲ್ಲೆನೆಂದರೆ ಕೆಲಸದಿಂದ ತೆಗೆಯಬಹುದು. ಮಾಲಕರ ಕರ್ತವ್ಯ ಒಂದೇ ಸಾಲು: ಕೂಲಿ ಕೊಡಬೇಕು. ಬರೆದಾಗ ಅದರಲ್ಲಿ ನನಗೆ ಏನೂ ಕೊರತೆ ಕಾಣಲಿಲ್ಲ, ಖರೇ ಹೇಳುತ್ತೇನೆ.

ಆಗ ಮಳೆಗಾಲ. ಮೂಲೆಯಲ್ಲಿ ಹೊಸದಾಗಿ ತೋಡಿಸಿದ ಮಗ್ಗವನ್ನು ಗದ್ವಾಲ್‌ನಿಂದ ಬಂದ ಒಬ್ಬ ನೇಕಾರ ಹೆಂಗಸಿಗೆ ಕೊಟ್ಟಿದ್ದೆವು. ಊರಲ್ಲಿದ್ದ ಸ್ವಂತ ಮಗ್ಗ ಮಾರಿ ಬಂದವಳು. ಇಲ್ಲಿಂದ ತೆಗೆದರೆ ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ನಾನು ಕರಾರು ಓದಿ ಮುಗಿಸಿದ ಮೇಲೆ ಉಳಿದ ಐವರೂ ದಸ್ಕತ್ತು ಹಾಕಿದರು. ಅವಳು ಹಾಕಲಿಲ್ಲ. ಆ ಕುಣಿಯಲ್ಲಿ ಇನ್ನು ಕೂರುವುದೂ ಇಲ್ಲ ಎಂದಳು.

"ಕರಾರಿನಾಗ ಏನೈತಿ ಕೇಳಿದಿಲ್ಲ? ಕುಂದ್ರಂಗಿಲ್ಲ ಅಂದ್ರ ನಾಳಿಂದ ಬರಬ್ಯಾಡ!" ಎಂದು ರೇಗಿದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಅಮ್ಮನಿಗೆ ಹೇಳಿದಳು: "ಹೊಸ ಮಗ್ಗ ಕೊಡೋರು ಮೊದಲು ತಾವು ಕುಂತು ಲಾಳಿ ಹೊಡಿತಾರ್ರೀ. ನೀವು ಕುಂದ್ರಲಿಲ್ಲ. ಈ ಅಣ್ಣ ಬಂದು ಟೆಂಗಿನಕಾಯಿ ಒಡದು ಹೋದ. ಕುಣಿ ತಳದಾಗ ನೀರು ಜಿನುಗತೈತಿ, ಎಂಟು ದಿನದಾಗ ನನ್ನ ಕಾಲು ಬಾತಾವು. ಕುಣಿ ನೋಡೋರು ಯಾರು ಅಂತ ನಿಮ್ಮ ಕಾಗದದಾಗ ಐತೇನ್ರೀ?"

ಪದ್ಧತಿ ಇದ್ದದ್ದು ನಿಜ. ಮೊಣಕಾಲು ನೋವೆಂದು ಅಮ್ಮ ಈ ಸಲ ಬಿಟ್ಟಿದ್ದರು, ನಾನು ಕಾಯಿ ಒಡೆದು ಕೈ ತೊಳೆದುಕೊಂಡಿದ್ದೆ. ಅಮ್ಮ ಅವಳಿಗೆ ಬೈಯುತ್ತಾರೆ ಎಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೆಗಲು ಹಿಡಿದು, ಕುಣಿಗೆ ಕಾಲು ಇಳಿಸಿಯೇಬಿಟ್ಟರು.

"ಅಮ್ಮಾರ, ನಿಮ್ಮ ಮೊಣಕಾಲು!"

"ಸುಮ್ಕಿರೋ ತಮ್ಮಾ."

ಒಂದು ಲಾಳಿ ಹೊಡೆದು ಏಳುತ್ತಾರೆ ಎಂದು ನಿಂತೆ. ಏಳಲಿಲ್ಲ. ಬುತ್ತಿಯನ್ನೂ ಅಲ್ಲೇ ಕೂತು ಉಂಡರು. ಅಬ್ಬಬ್ಬಾ, ಆ ವಯಸ್ಸಿನಲ್ಲಿ ಆ ಕೈ! ಲಾಳಿ ಅತ್ತಿಂದಿತ್ತ ಹರಿಯುತ್ತಿತ್ತು, ನೇಯ್ಗೆಯಲ್ಲಿ ಒಂದು ಕಡೆಯೂ ಸಡಿಲಿಲ್ಲ. ಅವರು ಒಂದು ಲಾಳಿಗಿಂತ ಹೆಚ್ಚು ನೇಯುವುದನ್ನು ಅದುವರೆಗೆ ನಾನು ಕಂಡೇ ಇರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡಿದೆ. ಆ ಹೆಂಗಸು ಪಕ್ಕದಲ್ಲೇ ನಿಂತು ಹರಿದ ಎಳೆ ಜೋಡಿಸಿ ಕೊಡುತ್ತಿದ್ದಳು, ಆದರೆ ಸಾಕು ಏಳಿ ಎಂದು ಒಮ್ಮೆಯೂ ಅನ್ನಲಿಲ್ಲ. ಏನು ಗುಂಡಿಗೆ ಅವಳದು! ಅವರಿಬ್ಬರ ನಡುವೆ ನಾನೂ ನನ್ನ ಎರಡು ಪುಟವೂ ಯಾವ ಲೆಕ್ಕಕ್ಕೂ ಇರಲಿಲ್ಲ.

ಸಂಜೆ ನಾನೂ ಆ ಹೆಂಗಸೂ ಹಿಡಿದು ಎತ್ತಿದಾಗ ಅಮ್ಮನ ಪಾದ ನೆನೆದು ಬೆಳ್ಳಗಾಗಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಕರಾರು ತರಿಸಿಕೊಂಡರು.

"ಬರಿ ತಮ್ಮಾ. ಮಾಲಕರು ಖುದ್ದು ಕುಂದ್ರದ ಮಗ್ಗದಾಗ ಯಾರನ್ನೂ ಕುಂದ್ರಸಂಗಿಲ್ಲ."

ಬರೆದೆ. ಕೆಳಗೆ ಮೊದಲು ತಾವೇ ದಸ್ಕತ್ತು ಹಾಕಿ, ಪೆನ್ನನ್ನು ಅವಳತ್ತ ಚಾಚಿದರು. "ನನ್ನಿಂದ ತಪ್ಪಾತವ್ವಾ. ಇನ್ನೂ ನನ್ನನ್ನ ಮಾಲಕಿ ಅಂತ ಇಟ್ಕೊಂತೀಯೇನು?"

ಅವಳು ಪೆನ್ನು ಮುಟ್ಟಲಿಲ್ಲ. ಬಗ್ಗಿ ತಳ ನೋಡಿ, "ಕುಣಿ ಒಣಗಲಿ ಅಮ್ಮಾರ, ಆಮ್ಯಾಲ ಹೇಳ್ತೀನಿ," ಎಂದಳು.