ಸೆಲೀನಳಿಗೆ ಇಂಗ್ಲಿಷ್ ಕಲಿಸಿದ ಬೆಳಗೊಳದ ಮಂಗಳಮ್ಮ ಮಿಸ್ಸು

ಮಂಗಳಮ್ಮನವರು ನಮ್ಮ ಬೆಳಗೊಳದ ಶಾಲೆಯಲ್ಲಿ ಇಂಗ್ಲಿಷ್ ಪಾಠಕ್ಕೆ ನಿಂತರೆಂದರೆ ಪಕ್ಕದ ಕೋಣೆಯಲ್ಲಿ ನಾನು ಹೇಳುವ ಲೆಕ್ಕ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವರು ಅರ್ಧ ವಾಕ್ಯ ಹೇಳಿ ಕೈ ಎತ್ತುವುದು, ಉಳಿದರ್ಧವನ್ನು ಇಡೀ ತರಗತಿ ಹೆಂಚು ಹಾರುವಂತೆ ಕೂಗುವುದು. ಇದೇ ಅವರ ಪಾಠ.

“ಒಸಿ ಮೆತ್ತಗೆ ಹೇಳ್ಕೊಡಿ ತಾಯಿ” ಎಂದು ನಾನು ಕೈಮುಗಿದರೆ, “ಮೆತ್ತಗೆ ಕಲ್ತದ್ದು ಮೆತ್ತಗೇ ಹೊಂಟೋಯ್ತದೆ ಮರಿಸ್ವಾಮಿ ಮೇಷ್ಟ್ರೇ” ಎನ್ನುತ್ತಿದ್ದರು. ಆ ಬಾಯಿಗೆ ಎದುರಾಡುವವರುಂಟೇ!

ತೊಂಬತ್ತಾರರಲ್ಲಿ ಫ್ರಾನ್ಸಿನಿಂದ ಸೆಲೀನ್ ಎಂಬ ಹುಡುಗಿ ಕಾವೇರಿಯ ನೀರುನಾಯಿಗಳ ಅಧ್ಯಯನಕ್ಕೆಂದು ಬಂದು, ಮಂಗಳಮ್ಮನವರ ಮನೆಯಲ್ಲೇ ಉಳಿದಳು. ಮುದ್ದೆ ನುಂಗುವುದನ್ನು ಕಲಿತಳು, ನಮ್ಮ ಮಾತನ್ನೂ ಅಷ್ಟಿಷ್ಟು ಕಲಿತಳು. ಇಂಗ್ಲಿಷ್ ಮಾತ್ರ ಬಾರದು. ಅವಳನ್ನು ಕರೆಸಿಕೊಂಡಿದ್ದ ಪರಿಸರ ಸಂಸ್ಥೆಯವರಿಗೋ ಇಂಗ್ಲಿಷೇ ಆಗಬೇಕು. ಶ್ರೀರಂಗಪಟ್ಟಣದ ಸಭೆಯಲ್ಲಿ ತನ್ನ ಕೆಲಸವನ್ನು ಇಂಗ್ಲಿಷಿನಲ್ಲಿ ವಿವರಿಸಿದರೆ ಇನ್ನೊಂದು ವರ್ಷ ಇರಬಹುದು, ಇಲ್ಲವಾದರೆ ವಾಪಸ್ಸು ಹೊರಡಬೇಕು ಎಂದುಬಿಟ್ಟರು. ನೀರುನಾಯಿಗಳು ಆಗಷ್ಟೇ ಮರಿ ಹಾಕಿದ್ದವು. ಅವನ್ನು ಬಿಟ್ಟು ಹೋಗಬೇಕಲ್ಲ ಎಂದು ಹುಡುಗಿ ಜಗುಲಿಯ ಮೇಲೆ ಕೂತು ಗೋಳೋ ಎಂದು ಅತ್ತಳು.

“ಅತ್ರೆ ಇಂಗ್ಲಿಷ್ ಬತ್ತದಾ? ನಾಳಿಂದ ಏಳನೇ ಕ್ಲಾಸಲ್ಲಿ ಬಂದು ಕೂತ್ಕೋ” ಎಂದರು ಮಂಗಳಮ್ಮ.

ಕೂತಳು! ಮೊಣಕಾಲು ಬೆಂಚಿನ ಕೆಳಗೆ ಹಿಡಿಸುತ್ತಿರಲಿಲ್ಲ. ಪರಿಸರದ ಎಷ್ಟೋ ಇಂಗ್ಲಿಷ್ ಪದಗಳು ಅವಳ ಫ್ರೆಂಚಿನಲ್ಲೂ ಇದ್ದವಂತೆ. ಕಂಡರೆ ಗುರುತು ಹಿಡಿಯುತ್ತಾಳೆ, ನಾಲಿಗೆ ಮಾತ್ರ ಹೊರಳದು. ಮಂಗಳಮ್ಮ ತರಗತಿಯನ್ನೇ ಹೊಳೆದಂಡೆಗೆ ಹೊರಡಿಸಿದರು. ಕುಸಿದ ದಡ ತೋರಿಸಿ ಎರೋಶನ್, ಜೊಂಡು ಬೆಳೆದ ಜೌಗು ತೋರಿಸಿ ವೆಟ್‌ಲ್ಯಾಂಡ್. ಕೊನೆಗೆ ಶಾಲೆಗೆ ಮರಳಿ ಸೆಲೀನಳನ್ನೇ ತರಗತಿಯ ಮುಂದೆ ನಿಲ್ಲಿಸಿ ಸಭೆಯ ಭಾಷಣ ಹೇಳಿಸಿದರು. ಅವಳು ಅರ್ಧ ಹೇಳಿ ಕೈ ಎತ್ತುವಳು, ಮಕ್ಕಳು ಮುಗಿಸುವರು. ದಿನಾ ಇದೇ ಗಲಾಟೆ. ನನಗೆ ಒಳಗೊಳಗೇ ಉರಿ, ಆದರೂ ಸಭೆಯ ದಿನ ಮಂಗಳಮ್ಮನವರ ಜೊತೆ ನಾನೂ ಬಸ್ಸು ಹತ್ತಿದೆ.

ಸೆಲೀನ್ ಎದ್ದು ನಿಂತಳು. “ದಿ ಆಟರ್ಸ್ ಲಿವ್ ಇನ್ ದಿ...” ಎಂದು ನೀರುನಾಯಿಗಳ ಠಾವು ಹೇಳಹೊರಟವಳು ಅಲ್ಲಿಗೇ ನಿಲ್ಲಿಸಿ ಕೈ ಎತ್ತಿದಳು.

ಸಂಸ್ಥೆಯವರು ಮುಖ ಮುಖ ನೋಡಿಕೊಂಡರು. ಹುಡುಗಿ ಎತ್ತಿದ ಕೈ ಇಳಿಸದೆ ಕಾಯುತ್ತಲೇ ಇದ್ದಾಳೆ.

“ಅಯ್ಯೋ, ನನ್ ಬುದ್ಧಿಗಿಷ್ಟು! ಮಕ್ಳಿಲ್ದೆ ಒಬ್ಬಳೇ ಹೇಳೋದ ಕಲಿಸ್ನೇ ಇಲ್ವಲ್ಲ ಮೇಷ್ಟ್ರೇ” ಎಂದು ನನ್ನ ತೋಳು ಚಿವುಟಿದ ಮಂಗಳಮ್ಮ, ಧಡಕ್ಕನೆ ಎದ್ದು ಕೂಗಿದರು: “ವೆಟ್‌ಲ್ಯಾಂಡ್!”

ಸೆಲೀನಳ ಮುಖಕ್ಕೆ ಜೀವ ಬಂತು. “ದಿ ರಿವರ್ ಬ್ಯಾಂಕ್ ಈಸ್ ಲಾಸ್ಟ್ ಟು...”

“ಎರೋಶನ್!” ಈ ಸಲ ನಾನೂ ಕೂಗಿದೆ. ಮಾನ ಹೋದರೆ ಹೋಗಲಿ ಅನ್ನಿಸಿತ್ತು. ಆಗ ಕೇಳಿಸಿತು ನೋಡಿ, ನಮ್ಮ ಜೊತೆಗೆ ಇನ್ನೊಂದು ಗಂಟಲು. ಸಂಸ್ಥೆಯ ಅಧ್ಯಕ್ಷರ ಕುರ್ಚಿಯಲ್ಲಿದ್ದ ಶಿವಲಿಂಗಯ್ಯನವರದು! ಮುಂದಿನ ವಾಕ್ಯಕ್ಕೆ ಹಿಂದಿನ ಸಾಲಿನವರು ಸೇರಿಕೊಂಡರು. ಕೊನೆಯ “ಕನ್ಸರ್ವೇಶನ್!” ಎಂಬುದಕ್ಕೆ ಬಾಗಿಲಲ್ಲಿ ಚಾ ಹಿಡಿದು ನಿಂತಿದ್ದವನೂ ಬಾಯಿ ತೆರೆದಿದ್ದ. ಎಲ್ಲರೂ ನಮ್ಮಂಥ ಶಾಲೆಗಳಲ್ಲೇ ಕೂಗಿ ಬೆಳೆದವರು ತಾನೆ!

“ನಮ್ ಶೀಳನೆರೆ ಸ್ಕೂಲಲ್ಲೂ ಇಂಗೇ ಕೂಗುಸ್ತಿದ್ರು” ಎಂದು ಶಿವಲಿಂಗಯ್ಯ ಕಣ್ಣೊರೆಸಿಕೊಂಡು ನಕ್ಕರು. “ಇರ್ಲಿ ಬುಡಿ ಈ ಕೂಸು, ಇನ್ನೊಂದು ವರ್ಷ ಇರ್ಲಿ. ನಮ್ ಸಭೇಲಿ ಯಾರೂ ತೂಕಡಿಸ್ದೇ ಇದ್ದದ್ದು ಇವತ್ತೇಯ.”

ಹೊರಗೆ ಬಂದವರೇ ಮಂಗಳಮ್ಮ ಸೆರಗು ಬಾಯಿಗೆ ಹಿಡಿದರು. “ಇಷ್ಟು ವರ್ಷ ಕೂಗ್ದೆ ಮೇಷ್ಟ್ರೇ. ಪಾಸಾದೋರು ಪಾಸಾದ್ರು, ಫೇಲಾದೋರು ಫೇಲಾದ್ರು. ನಾಕು ಜನದ ಮುಂದೆ ಎದ್ದು ನಿಂತು ಇಂಗ್ಲಿಷಲ್ಲಿ ಬಾಯಿ ಬಿಟ್ಟೋಳು ಇವಳೊಬ್ಬಳೇ ಕಣ್ರೀ.”

ಸೆಲೀನ್ ಬಂದು ಮಂಗಳಮ್ಮನವರ ಕೈಯಿಂದ ಚೀಲ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಳು.

“ಬಸ್ಸು ಬತ್ತಾ ಅದೆ ಮಿಸ್ಸೇ. ಬನ್ನಿ, ನಮ್ಮನೆಗೋಗವಾ” ಎಂದಳು.