ಮನ್ಮಾಡಿನಲ್ಲಿ ಇಳಿಯುತ್ತಿದ್ದ ಹುಡುಗಿ

ನನ್ನ ಬಾಯಿಗೆ ಬೀಗವಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ, ನಾನು ತಲೆ ಕೆಡಿಸಿಕೊಂಡವಳಲ್ಲ. ಆದರೆ ಹೋದ ವರ್ಷ ಇದೇ ಬಾಯಿಂದ ಒಬ್ಬ ಹುಡುಗಿಯ ಓದು ನಿಂತೇ ಹೋಗುವುದರಲ್ಲಿತ್ತು.

ಗಂಡನ ಬ್ಯಾಂಕ್ ವರ್ಗಾವಣೆಯ ಬೆನ್ನು ಹತ್ತಿ ಕಲಬುರಗಿಯಿಂದ ನಾಶಿಕ್‌ಗೆ ಬಂದವಳು ನಾನು. ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಮೊದಲ ವರ್ಷದ ಇಪ್ಪತ್ತಿಪ್ಪತ್ತು ಮಕ್ಕಳನ್ನು ನಮ್ಮ ಒಬ್ಬೊಬ್ಬರ ಕೊರಳಿಗೆ ಕಟ್ಟುತ್ತಾರೆ. ಮೆಂಟರ್ ಎಂದು ಹೆಸರು. ಮೆಸ್ಸಿನ ಊಟ ಸೇರುತ್ತದೆಯೇ, ಪಾಠ ತಿಳಿಯುತ್ತದೆಯೇ ಎಂದು ವಾರಕ್ಕೊಮ್ಮೆ ಕೇಳಬೇಕು. ಹಾಜರಿ ಕಡಿಮೆಯಾದರೆ ಮನೆಗೆ ಫೋನ್ ಮಾಡಬೇಕು.

ನನ್ನ ಪಾಲಿನ ಇಪ್ಪತ್ತು ಮಕ್ಕಳಲ್ಲಿ ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ ಹುಡುಗಿಯೊಬ್ಬಳಿದ್ದಳು. ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಹೋಗುವವಳು. ಮೂರು ಸೋಮವಾರ ಸಾಲಾಗಿ ತರಗತಿಗೆ ಬರಲಿಲ್ಲ. ಕರೆದು ಚೆನ್ನಾಗಿ ಬೈದೆ. ಬೈಗುಳ ಮುಗಿದ ಮೇಲೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. ಸೋಮವಾರ ಬೆಳಿಗ್ಗೆ ಊರಿಂದ ಹೊರಟು ಮನ್ಮಾಡ್ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕು. ನಾಶಿಕ್ ಗಾಡಿ ಬಂದು ನಿಂತರೂ ಕಾಲು ಏಳುವುದಿಲ್ಲ. ಮಹಿಳೆಯರ ವೇಟಿಂಗ್ ರೂಮಿನಲ್ಲಿ ಮಧ್ಯಾಹ್ನದ ತನಕ ಲೆಕ್ಕ ಬಿಡಿಸುತ್ತಾ ಕೂರುತ್ತಾಳೆ.

ಹನ್ನೆರಡನೆಯ ತರಗತಿಯ ತನಕ ಎಲ್ಲವನ್ನೂ ಮರಾಠಿಯಲ್ಲಿ ಕೇಳಿ ಕಲಿತವಳು, ಶಾಲೆಗೆ ಮೊದಲಿಗಳು. ಇಲ್ಲಿ ಇಂಗ್ಲಿಷ್ ಪಾಠಕ್ಕೆ ಎಲ್ಲರೂ ತಲೆಯಾಡಿಸುತ್ತಾರೆಂದು ತಾನೂ ಆಡಿಸುತ್ತಿದ್ದಳಂತೆ. "ಅಲ್ಲಿ ಕೂತರೆ ಲೆಕ್ಕ ಬರುತ್ತವೆ ಮ್ಯಾಡಂ, ಕ್ಲಾಸಿನಲ್ಲಿ ಬರುವುದಿಲ್ಲ" ಎಂದಳು. ಕೊನೆಗೆ ಕೈ ಹಿಡಿದು, "ಘರೀ ಸಾಂಗೂ ನಕಾ" ಎಂದಳು. ಮನೆಗೆ ಹೇಳಬೇಡಿ ಎಂದು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ದಿನಾ ಸಂಜೆ ಅರ್ಧ ಗಂಟೆ ಅವಳನ್ನು ಕೂರಿಸಿಕೊಂಡೆ. ಮುಂದಿನ ಸೋಮವಾರ ಮೊದಲ ಪೀರಿಯಡ್‌ಗೇ ಬಂದು ಕೂತಿದ್ದಳು. ಆದರೂ ತಿಂಗಳ ಹಾಜರಿ ಕಡಿಮೆಯೇ ಬಿತ್ತು. ನಿಯಮದ ಪ್ರಕಾರ ಫೋನ್ ಮಾಡಿದೆ. ಇಂಥ ಫೋನುಗಳನ್ನು ಎರಡು ನಿಮಿಷದಲ್ಲಿ ಮುಗಿಸುತ್ತೇನೆ. ಮರಾಠಿಯಲ್ಲಿ ಹಾಜರಿ ಓದಿ ಹೇಳುವುದು, ಇಡುವುದು, ಅಷ್ಟೇ. ಅವತ್ತು ಆ ಕಡೆ ತಾಯಿ ಎತ್ತಿಕೊಂಡರು. ಅವರ ಮರಾಠಿಯ ರಾಗ ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು.

"ನೀವು ಬೀದರ್ ಕಡೆಯವರೇನ್ರಿ?"

"ಅಯ್ಯ ನಮ್ಮವ್ವ! ಹೌದ್ರಿ ಬಾಯೀ, ನೀವೂ ಕನ್ನಡದವರೇನು?"

ಹುಡುಗಿ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಯೋಚಿಸುವ ವ್ಯವಧಾನವಾದರೂ ನನಗೆಲ್ಲಿತ್ತು! ಪುಂಡಿಪಲ್ಯೆ, ತವರೂರು ಎಂದು ಅರ್ಧ ತಾಸು ಹರಟಿದೆವು. ಆಮೇಲೆ ಆಕೆ, "ನಮ್ಮ ಹುಡುಗಿ ಹ್ಯಾಂಗದಾಳ್ರಿ? ನೀವು ನಮ್ಮವರೇ ಇದ್ದೀರಿ, ಖರೇ ಹೇಳ್ರಿ" ಎಂದರು. ಹೇಳಿಬಿಟ್ಟೆ. ಮನ್ಮಾಡು, ವೇಟಿಂಗ್ ರೂಮು, ಎಲ್ಲವನ್ನೂ. ಅಕ್ಕನ ಮುಂದೆ ಹೇಳಿಕೊಂಡಷ್ಟು ಹಗುರವೂ ಆಯಿತು, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಮರುದಿನವೇ ತಂದೆ ಬಂದರು. ಪಾತ್ರೆ ಅಂಗಡಿಯವರು, ಹಣೆಯ ಮೇಲೆ ವಿಭೂತಿ. "ಸ್ಟೇಷನ್ನಾಗ ಯಾರ ಸಲುವಾಗಿ ಕೂಡ್ತಿದ್ಲು, ಅದೊಂದು ಹೇಳ್ರಿ ಮ್ಯಾಡಂ" ಎಂದರು. ಯಾರೂ ಇಲ್ಲ, ಪುಸ್ತಕ ಹಿಡಿದು ಕೂರುತ್ತಿದ್ದಳು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹಾಸ್ಟೆಲಿನಿಂದ ಟ್ರಂಕ್ ಇಳಿಸಿ ರಿಕ್ಷಾದಲ್ಲಿಟ್ಟರು. ಹುಡುಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರದ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿ ಗಂಡನಿಂದ ಮಾತು ಕೇಳಿದೆ. ಭಾನುವಾರ ಬೆಳಿಗ್ಗೆ ಗಾಡಿ ಹತ್ತಿ ಸಂಭಾಜಿನಗರಕ್ಕೆ, ಅವರ ಮನೆಗೇ ಹೋದೆ.

"ತಪ್ಪು ನಂದ್ರಿ. ನನ್ನ ನಂಬಿ ಹೇಳಿದ್ಲು, ನಾ ಒದರಿಬಿಟ್ಟೆ. ಆಕೀದೇನೂ ತಪ್ಪಿಲ್ಲ. ಓದು ಬಿಡಿಸಬ್ಯಾಡ್ರಿ" ಎಂದೆ. ತಂದೆ ಕುರ್ಚಿ ಎಳೆದು ಕೊಟ್ಟರು. "ಅಷ್ಟು ದೂರ ಯಾರು ನೋಡ್ಕೋತಾರ್ರಿ?" ಎಂದರು ಆಮೇಲೆ. ಹುಡುಗಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಪ್ಪಿಸುವ ಅವಸರದಲ್ಲಿ ನಾನು, "ನಾ ಅದೀನಲ್ರಿ! ದಿನಾ ಸಂಜೀಗೆ ನಿಮಗ ಫೋನ್ ಮಾಡಿ ಎಲ್ಲಾ ಹೇಳ್ತೀನಿ" ಎಂದೆ. ತಂದೆಯ ಮುಖ ಸಡಿಲಾಯಿತು. "ಹಂಗಿದ್ರ ಕರ್ಕೊಂಡು ಹೋಗ್ರಿ, ನೀವು ಮನೆಯವರ ಇದ್ದಂಗ" ಎಂದರು. ಹುಡುಗಿ ಚಹಾ ಇಟ್ಟು ಒಳಗೆ ಹೋದಳು.

ಸೋಮವಾರ ಅವಳು ಬಂದಳು. ಮಂಗಳವಾರವೂ ಬಂದಳು. ನಾನು ಎರಡೂ ಸಂಜೆ ಮಾತು ತಪ್ಪದೆ ಫೋನ್ ಮಾಡಿದೆ. ಬುಧವಾರ ಅವಳೊಂದು ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟಳು. ಮೆಂಟರ್ ಬದಲಿಸಿಕೊಡಿ ಎಂಬ ಅರ್ಜಿ, ಈಗಿನ ಮೆಂಟರ್ ಸಹಿ ಬೇಕು. ಕನ್ನಡದ ಒಂದಕ್ಷರವೂ ಬಾರದ, ಪಕ್ಕದ ಮೇಜಿನ ಮರಾಠಿ ಸಹೋದ್ಯೋಗಿಯ ಹೆಸರು ಬರೆದಿದ್ದಳು. ಕಾರಣ ಎಂಬಲ್ಲಿ ದುಂಡು ಅಕ್ಷರದಲ್ಲಿ ಒಂದೇ ಸಾಲಿತ್ತು: ಮ್ಯಾಡಂ ನಮ್ಮ ಮನೆಯವರಾಗಿದ್ದಾರೆ.

ಪೆನ್ನು ಇಲ್ಲ ಎಂದೆ. ತನ್ನದನ್ನೇ ಮುಚ್ಚಳ ತೆಗೆದು ಕೊಟ್ಟಳು.